ಸಬ್ಬತ್ತಿನ ಊಟ ಬಿಟ್ಟಿ ಊಟವಲ್ಲ

ದುಡಿದು ಓದುವ ವಿದ್ಯಾರ್ಥಿಗಳಿಗೆ ನಮ್ಮ ಅಡ್ವೆಂಟಿಸ್ಟ್ ಕ್ರೈಸ್ತ ಪಂಥದ ಕಾಲೇಜುಗಳು ವಾರದ ವಿಶ್ರಾಂತಿಯ ದಿನವಾದ ಸಬ್ಬತ್ ದಿನ ಉಚಿತವಾಗಿ ಊಟ ಹಾಕಬೇಕೆಂದು ಕಳೆದ ಸಂಚಿಕೆಯಲ್ಲಿ ಬರೆದಿದ್ದೆವು. ನಿವೃತ್ತ ಅಧ್ಯಾಪಕರೊಬ್ಬರು ಅದನ್ನು ಒಪ್ಪದೆ ಪತ್ರ ಬರೆದಿದ್ದಾರೆ: "ಮಾಡಿದ ಕೆಲಸಕ್ಕೆ ಕೂಲಿ ಕೊಡುತ್ತೇವಲ್ಲ, ಮೇಲೆ ಬಿಟ್ಟಿ ಊಟ ಯಾಕೆ? ದುಡಿಮೆ ಕಲಿಸುವ ಕಾಲೇಜೇ ಕೈಯೊಡ್ಡುವುದನ್ನೂ ಕಲಿಸಬೇಕೆ? ಕೆಲಸ ಮಾಡಲೊಲ್ಲದವನು ಊಟ ಮಾಡಬಾರದೆಂದು ಬೈಬಲಿನಲ್ಲಿ ಅಪೊಸ್ತಲ ಪೌಲನೇ ಹೇಳಿಲ್ಲವೆ?"

ಮಾನ್ಯರೇ,

ಪೌಲನ ಮಾತನ್ನು ತಾವು ಸರಿಯಾಗಿಯೇ ಬರೆದಿದ್ದೀರಿ. ಅವನು ಹೇಳಿದ್ದು ಕೆಲಸ ಮಾಡದವನ ಬಗ್ಗೆ ಅಲ್ಲ, ಮಾಡಲೊಲ್ಲದವನ ಬಗ್ಗೆ. ಈ ಹುಡುಗರು ಒಲ್ಲೆ ಎಂದವರಲ್ಲ. ಶುಕ್ರವಾರ ಹೊತ್ತು ಮುಳುಗಿದರೆ ಶನಿವಾರ ಹೊತ್ತು ಮುಳುಗುವವರೆಗೆ ಕೆಲಸ ಮಾಡಬೇಡಿ ಎಂದವರು ನಾವು. ಹೊಲ, ಬೇಕರಿ, ಗ್ರಂಥಾಲಯ ಎಲ್ಲಕ್ಕೂ ಬೀಗ. ಗಂಟೆ ಲೆಕ್ಕದ ಕೂಲಿ ಅವತ್ತು ನಿಂತುಹೋಗುತ್ತದೆ, ಊಟದ ಬಿಲ್ಲು ಮಾತ್ರ ನಿಲ್ಲುವುದಿಲ್ಲ.

ನಾನು ಓದುವಾಗ ಪಕ್ಕದ ಕೋಣೆಯಲ್ಲಿ ಒಬ್ಬ ಗೆಳೆಯನಿದ್ದ. ವಾರವಿಡೀ ಊಟದ ಮನೆಯಲ್ಲಿ ಪಾತ್ರೆ ತೊಳೆದು ಅವನ ಬೆರಳ ತುದಿಗಳು ಬೆಳ್ಳಗೆ ಸುಕ್ಕುಗಟ್ಟಿರುತ್ತಿದ್ದವು. ಶನಿವಾರ ಆರಾಧನೆ ಮುಗಿಸಿ ನಾವು ಊಟಕ್ಕೆ ಹೊರಟರೆ "ಇವತ್ತು ನನಗೆ ಉಪವಾಸ" ಎನ್ನುತ್ತಿದ್ದ. ಭಕ್ತಿ ಎಂದುಕೊಂಡಿದ್ದೆ. ಒಮ್ಮೆ, ಉಂಡ ಊಟಕ್ಕೆಲ್ಲ ಗುರುತು ಹಾಕುವ ಅವನ ಊಟದ ಕಾರ್ಡು ಕಣ್ಣಿಗೆ ಬಿತ್ತು. ಶನಿವಾರದ ಚೌಕಗಳೆಲ್ಲ ಖಾಲಿ, ಭಾನುವಾರ ಬೆಳಗಿನಿಂದ ಮತ್ತೆ ಗುರುತು. ದುಡಿಯದ ದಿನ ಉಣ್ಣದಿದ್ದರೆ ಫೀಸಿಗೆ ಅಷ್ಟು ಉಳಿಯುತ್ತದೆ ಎಂಬುದು ಅವನ ಲೆಕ್ಕ. ಆ ಕಾರ್ಡನ್ನು ನಾನು ಇವತ್ತಿಗೂ ಮರೆತಿಲ್ಲ.

ಬೈಬಲಿನ ವಿಮೋಚನಕಾಂಡದ 16ನೇ ಅಧ್ಯಾಯವನ್ನು ಇನ್ನೊಮ್ಮೆ ಓದಿ. ಏಳನೇ ದಿನ ಮನ್ನ, ಅಂದರೆ ಅರಣ್ಯದಲ್ಲಿ ತಾನು ಕೊಡುತ್ತಿದ್ದ ಆಹಾರ, ಕೂಡಿಸಲು ಹೋಗಬೇಡಿ ಎನ್ನುವ ದೇವರು ಆರನೇ ದಿನವೇ ತಲೆಗೆ ಎರಡು ಓಮೆರ್ ಅಳತೆ, ಅಂದರೆ ದಿನದ ಎರಡರಷ್ಟು, ಕೊಟ್ಟಿದ್ದ. ಊಟ ಮೊದಲು ಬಂತು, ಬಿಡುವು ಆಮೇಲೆ. ಧರ್ಮೋಪದೇಶಕಾಂಡದ 5ನೇ ಅಧ್ಯಾಯವಂತೂ ನಿನ್ನ ಹಾಗೆಯೇ ನಿನ್ನ ಆಳಿಗೂ ವಿಶ್ರಾಂತಿ ಸಿಗಬೇಕು ಎನ್ನುತ್ತದೆ. ಹಸಿದು ಮಲಗಿದವನಿಗೆ ಯಾವ ವಿಶ್ರಾಂತಿ?

ದುಡಿಮೆಯ ಬಗ್ಗೆ ತಮಗಿರುವ ಗೌರವ ನನಗೂ ಇದೆ. ಆಸ್ಟ್ರೇಲಿಯಾದ ಅವೊಂಡೇಲ್ 1897ರಲ್ಲಿ, ಅಮೆರಿಕದ ಮ್ಯಾಡಿಸನ್ 1904ರಲ್ಲಿ ಶುರುವಾದ ಕಾಲದಿಂದಲೂ ಕೈಕೆಸರು ಮಾಡಿಕೊಂಡು ಓದುವುದು ನಮ್ಮ ಕಾಲೇಜುಗಳ ಹೆಮ್ಮೆ. ಆ ಹೆಮ್ಮೆ ನಮ್ಮದಾದರೆ ಅದರ ಖರ್ಚೂ ನಮ್ಮದೇ ಆಗಬೇಕು. ವಾರದ 21 ಊಟಗಳಲ್ಲಿ ಸಬ್ಬತ್ತಿನ ಪಾಲಿಗೆ ಬರುವುದು ಮೂರು.

ಕೈಯೊಡ್ಡುವ ಅಭ್ಯಾಸವಾದೀತು ಎಂಬ ತಮ್ಮ ಆತಂಕಕ್ಕೆ ಅರ್ಥವಿದೆ. ಬೇರೆ ಸಾಲು, ಬೇರೆ ಬಣ್ಣದ ಚೀಟಿ, ಬಡತನಕ್ಕೊಂದು ಅರ್ಜಿ ಎಂದೆಲ್ಲ ಮಾಡಿದರೆ ಹಾಗೇ ಆಗುತ್ತದೆ. ಅಂಥ ಸಾಲಿನಲ್ಲಿ ನನ್ನ ಗೆಳೆಯ ಖಂಡಿತ ನಿಲ್ಲುತ್ತಿರಲಿಲ್ಲ. ಅವತ್ತು ಊಟದ ಮನೆಯಲ್ಲಿ ಯಾರ ಕಾರ್ಡಿಗೂ ಗುರುತು ಬೀಳದಿರಲಿ. ಅನುಕೂಲಸ್ಥರ ಮನೆಯವರು ಟರ್ಮಿನ ಆರಂಭದಲ್ಲೇ ತಮ್ಮ ಪಾಲು ಕಟ್ಟಲಿ, ಉಳಿದದ್ದನ್ನು ಚರ್ಚಿನ ಕಾಣಿಕೆಯಿಂದ ತುಂಬೋಣ.

ಬಡಿಸುವವರು ಯಾರು ಎಂದೂ ಕೇಳಿದ್ದೀರಿ. ಉಚಿತವಾಗಿ ಉಂಡಿರಲ್ಲ, ಬಡಿಸಿ ಎಂದು ದಯವಿಟ್ಟು ಆ ಹುಡುಗರಿಗೇ ಹೇಳಬಾರದು. ಅಡುಗೆ ಶುಕ್ರವಾರವೇ ಆಗಿರಲಿ, ಬಡಿಸುವ ಸರದಿ ಅಧ್ಯಾಪಕರದಾಗಲಿ. ಎಂಜಲು ತಟ್ಟೆಗಳು ಶನಿವಾರ ಹೊತ್ತು ಮುಳುಗುವವರೆಗೆ ನೀರಿನಲ್ಲಿ ನೆನೆಯಲಿ. ಆಮೇಲೆ ತೊಳೆಯಲು ಬರುವ ಹುಡುಗರಿಗೆ ಗಂಟೆಯ ಕೂಲಿ ಬರೆದುಕೊಳ್ಳಿ.

— ಸಂಪಾದಕ