ಇನ್ಸುಲಿನ್ ಪ್ರತಿರೋಧದ ಅಂಕಿ ಆಯುಸ್ಸನ್ನು ಹೇಳುತ್ತದೆಯೇ?

ಪ್ರಶ್ನೆ: ನನಗೆ 46 ವರ್ಷ. ಕುಳಿತು ಮಾಡುವ ಕೆಲಸ. ಖಾಲಿ ಹೊಟ್ಟೆಯ ರಕ್ತಪರೀಕ್ಷೆಯಲ್ಲಿ ಸಕ್ಕರೆ 98, ಇನ್ಸುಲಿನ್ 14, ಟ್ರೈಗ್ಲಿಸರೈಡ್ (ರಕ್ತದಲ್ಲಿನ ಒಂದು ಬಗೆಯ ಕೊಬ್ಬು) 210, ಎಚ್‌ಡಿಎಲ್ (‘ಒಳ್ಳೆಯ’ ಕೊಲೆಸ್ಟ್ರಾಲ್) 36 ಬಂದಿದೆ. ಎಚ್‌ಬಿಎ1ಸಿ (ಸುಮಾರು ಮೂರು ತಿಂಗಳ ಸರಾಸರಿ ಸಕ್ಕರೆಯ ಅಳತೆ) ಶೇ 5.8. ಸೊಂಟದ ಸುತ್ತಳತೆ 96 ಸೆಂ.ಮೀ. ವರದಿಯಲ್ಲಿ ‘ಹೋಮಾ-ಐಆರ್’ 3.4 ಎಂದಿದೆ. ‘ಟಿವೈಜಿ’ ಸೂಚ್ಯಂಕವನ್ನು ಒಂದು ಆ್ಯಪ್ 9.24 ಎಂದರೆ, ಇನ್ನೊಂದು 4.97 ಎನ್ನುತ್ತದೆ. ಈ ಸೂಚ್ಯಂಕ ಹೆಚ್ಚಿರುವವರಿಗೆ ಸಾವಿನ ಅಪಾಯ ಹೆಚ್ಚು ಎಂದು ಓದಿದ ಮೇಲೆ ನಿದ್ದೆ ಬರುತ್ತಿಲ್ಲ. ನನ್ನ ತಂದೆ 52ನೇ ವಯಸ್ಸಿನಲ್ಲಿ ಹೃದಯಾಘಾತದಿಂದ ತೀರಿಕೊಂಡರು.
— ಹೆಸರು ಬೇಡ, ಜಯನಗರ, ಬೆಂಗಳೂರು

ಉತ್ತರ: ಹೋಮಾ-ಐಆರ್, ಟಿವೈಜಿ ಎರಡೂ ಇನ್ಸುಲಿನ್ ಪ್ರತಿರೋಧವನ್ನು, ಅಂದರೆ ದೇಹ ಇನ್ಸುಲಿನ್‌ಗೆ ಸರಿಯಾಗಿ ಸ್ಪಂದಿಸದ ಸ್ಥಿತಿಯನ್ನು, ಅಂದಾಜಿಸುವ ಸೂಚ್ಯಂಕಗಳು. ಮೊದಲು ಟಿವೈಜಿಯ ಆ ಎರಡು ಅಂಕಿಗಳ ಗೊಂದಲವನ್ನು ಬಿಡಿಸೋಣ. ಟ್ರೈಗ್ಲಿಸರೈಡನ್ನು ಸಕ್ಕರೆಯಿಂದ ಗುಣಿಸಿ, ಎರಡರಿಂದ ಭಾಗಿಸಿ, ಅದರ ಸ್ವಾಭಾವಿಕ ಲಾಗರಿದಮ್ (ಕ್ಯಾಲ್ಕುಲೇಟರ್‌ನ ln) ತೆಗೆದರೆ 9.24 ಬರುತ್ತದೆ, ಲಾಗರಿದಮ್ ತೆಗೆದ ನಂತರ ಭಾಗಿಸಿದರೆ 4.97. ಸೂತ್ರವನ್ನು ಬರೆಯುವ ಈ ಎರಡೂ ರೀತಿಗಳು ಬಳಕೆಯಲ್ಲಿರುವುದರಿಂದ, ಒಂದರ ಅಂಕಿಯನ್ನು ಇನ್ನೊಂದರ ಮಿತಿಯೊಡನೆ ಹೋಲಿಸಬಾರದು.

ಹೋಮಾ-ಐಆರ್ 1985ರಲ್ಲಿ ಆಕ್ಸ್‌ಫರ್ಡ್‌ನ ಸಂಶೋಧಕರು ರೂಪಿಸಿದ ಅಂದಾಜು: ಇನ್ಸುಲಿನ್ ಮತ್ತು ಸಕ್ಕರೆಯ ಗುಣಲಬ್ಧವನ್ನು 405ರಿಂದ ಭಾಗಿಸಿದರೆ ಸಿಗುತ್ತದೆ. ಇನ್ಸುಲಿನ್ ಅಳೆಯುವ ವಿಧಾನ ಪ್ರಯೋಗಾಲಯದಿಂದ ಪ್ರಯೋಗಾಲಯಕ್ಕೆ ಬದಲಾಗುವುದರಿಂದ ಎಲ್ಲರಿಗೂ ಒಪ್ಪಿಗೆಯಾದ ಮಿತಿ ಇದಕ್ಕಿಲ್ಲ. ಆದರೂ ನಿಮ್ಮ 3.4 ಹೆಚ್ಚೇ. ಸಕ್ಕರೆಯನ್ನು 98ರಲ್ಲಿ ಹಿಡಿದಿಡಲು, ಇನ್ಸುಲಿನ್ ತಯಾರಿಸುವ ನಿಮ್ಮ ಮೇದೋಜೀರಕ ಗ್ರಂಥಿ ಅಗತ್ಯಕ್ಕಿಂತ ಹೆಚ್ಚು ದುಡಿಯುತ್ತಿದೆ, ಆದ್ದರಿಂದ ಸಕ್ಕರೆಯೊಂದನ್ನೇ ನೋಡಿ ‘ನಾರ್ಮಲ್’ ಎಂದುಕೊಂಡರೆ ಒಳಗಿನ ಈ ದಣಿವು ಕಾಣುವುದಿಲ್ಲ.

ಇನ್ನು ಸಾವಿನ ಮಾತು. ಬೆಂಗಳೂರಿನ ಸೇಂಟ್ ಜಾನ್ಸ್ ವೈದ್ಯಕೀಯ ಕಾಲೇಜೂ ಪಾಲ್ಗೊಂಡಿರುವ ‘ಪ್ಯೂರ್’ ಎಂಬ ಬಹುರಾಷ್ಟ್ರೀಯ ಅಧ್ಯಯನ 22 ದೇಶಗಳ ಸುಮಾರು 1.4 ಲಕ್ಷ ಜನರನ್ನು ಹದಿಮೂರು ವರ್ಷಗಳಷ್ಟು ಕಾಲ ಗಮನಿಸಿ, ಟಿವೈಜಿ ಹೆಚ್ಚಿದ್ದವರಲ್ಲಿ ಹೃದಯಾಘಾತ, ಪಾರ್ಶ್ವವಾಯು ಹೆಚ್ಚೆಂದು, ಕಡಿಮೆ ಆದಾಯದ ದೇಶಗಳಲ್ಲಿ ಹೃದಯರಕ್ತನಾಳದ ಕಾಯಿಲೆಯಿಂದಾಗುವ ಸಾವೂ ಹೆಚ್ಚೆಂದು 2023ರಲ್ಲಿ ವರದಿ ಮಾಡಿತು. ಆದರೆ ಇದು ಗುಂಪುಗಳ ನಡುವಿನ ವ್ಯತ್ಯಾಸ. ನೀವು ಎಷ್ಟು ವರ್ಷ ಬದುಕುತ್ತೀರಿ ಎಂಬುದನ್ನು ಯಾವ ಸೂಚ್ಯಂಕವೂ ಹೇಳಲಾರದು.

ನನ್ನ ದೃಷ್ಟಿಯಲ್ಲಿ ನಿಮ್ಮ ಪತ್ರದಲ್ಲಿ ಹೋಮಾಗಿಂತ ಹೆಚ್ಚು ತೂಕವಿರುವುದು ತಂದೆಯವರ ವಯಸ್ಸಿಗೆ. ಗಂಡಸರಲ್ಲಿ 55ಕ್ಕೆ ಮೊದಲೇ ಹೃದಯಾಘಾತವಾದರೆ ಅದನ್ನು ಅಕಾಲಿಕವೆಂದೇ ಎಣಿಸುತ್ತಾರೆ. ಅದರ ಜೊತೆಗೆ ದಕ್ಷಿಣ ಏಷ್ಯಾದ ಗಂಡಸರಿಗೆ ಹೇಳಿರುವ 90 ಸೆಂ.ಮೀ. ಮಿತಿಯನ್ನು ನಿಮ್ಮ ಸೊಂಟ ದಾಟಿದೆ, ಟ್ರೈಗ್ಲಿಸರೈಡ್ 150ಕ್ಕಿಂತ ಮೇಲಿದೆ, ಎಚ್‌ಡಿಎಲ್ 40ಕ್ಕಿಂತ ಕೆಳಗಿದೆ; ಎಚ್‌ಬಿಎ1ಸಿ ಮಧುಮೇಹದ ಪೂರ್ವಸ್ಥಿತಿಯನ್ನು ಸೂಚಿಸುವ 5.7ರಿಂದ 6.4ರ ನಡುವೆ ಇದೆ. ರಕ್ತದೊತ್ತಡ, ಎಲ್‌ಡಿಎಲ್ (‘ಕೆಟ್ಟ’ ಕೊಲೆಸ್ಟ್ರಾಲ್) ಎಷ್ಟೆಂದು ನೀವು ಬರೆದಿಲ್ಲ. ಧೂಮಪಾನದ ವಿಚಾರವೂ ಇಲ್ಲ. ಇವನ್ನೆಲ್ಲ ಹಿಡಿದುಕೊಂಡು ಈ ತಿಂಗಳೇ ವೈದ್ಯರ ಬಳಿಗೆ ಹೋಗಿ. ಕೊಲೆಸ್ಟ್ರಾಲ್ ಇಳಿಸುವ ಸ್ಟ್ಯಾಟಿನ್ ಮಾತ್ರೆ ಬೇಕೇ, ಯಕೃತ್ತಿನಲ್ಲಿ ಕೊಬ್ಬು ತುಂಬಿದೆಯೇ ಎಂಬುದನ್ನು ಅವರು ನಿರ್ಧರಿಸಲಿ. ಮಧುಮೇಹದ ಔಷಧಿಯಾದ ಮೆಟ್‌ಫಾರ್ಮಿನ್ ಅನ್ನು ನೀವಾಗಿಯೇ ಆರಂಭಿಸಬೇಡಿ.

ನಿಮಗೆ ನಿಜಕ್ಕೂ ಧೈರ್ಯ ಕೊಡಬೇಕಾದ ಸಂಗತಿಯೊಂದಿದೆ. ಚೀನಾದ ದಾಚಿಂಗ್‌ನಲ್ಲಿ 1986ರಲ್ಲಿ, ಮಧುಮೇಹದ ಹೊಸ್ತಿಲಲ್ಲಿದ್ದವರಿಗೆ ಆರು ವರ್ಷ ಆಹಾರ ಮತ್ತು ವ್ಯಾಯಾಮದ ಮಾರ್ಗದರ್ಶನ ನೀಡಲಾಯಿತು. ಮೂವತ್ತು ವರ್ಷಗಳ ನಂತರ ನೋಡಿದಾಗ, ಅವರಲ್ಲಿ ಹೃದಯರಕ್ತನಾಳದ ಕಾಯಿಲೆಯಿಂದಾದ ಸಾವುಗಳೂ ಒಟ್ಟು ಸಾವುಗಳೂ ಮಾರ್ಗದರ್ಶನ ಸಿಗದ ಗುಂಪಿಗಿಂತ ಕಡಿಮೆಯಿದ್ದವು.

ರಾತ್ರಿಯ ಅನ್ನದ ರಾಶಿಯನ್ನು ಅರ್ಧ ಮಾಡಿ ಕಾಳಿನ ಪಲ್ಯ, ಸೊಪ್ಪಿನ ಸಾರು ಹೆಚ್ಚಿಸಿ; ರಾಗಿ ಮುದ್ದೆಗೆ ಬದಲಾಯಿಸಿದರೂ ಅಳತೆ ಮೀರಿದರೆ ಅದೂ ಪಿಷ್ಟವೇ. ಊಟದ ಮೇಲೆ ಹದಿನೈದು ನಿಮಿಷ ನಡೆಯಿರಿ. ಲಾಲ್‌ಬಾಗಿನ ಬೆಳಗಿನ ನಡಿಗೆ ಒಳ್ಳೆಯದೇ, ಆದರೆ ಸಕ್ಕರೆಯನ್ನು ಹೆಚ್ಚಾಗಿ ಹೀರಿಕೊಳ್ಳುವುದು ಸ್ನಾಯುಗಳಾದ್ದರಿಂದ ವಾರಕ್ಕೆ ಎರಡು ದಿನವಾದರೂ ಭಾರ ಎತ್ತುವ ವ್ಯಾಯಾಮ ಸೇರಲಿ. ಮೂರು ತಿಂಗಳ ಬಳಿಕ ಅದೇ ಪ್ರಯೋಗಾಲಯದಲ್ಲಿ ಟ್ರೈಗ್ಲಿಸರೈಡ್ ಮತ್ತು ಎಚ್‌ಬಿಎ1ಸಿಯನ್ನು ಮತ್ತೆ ನೋಡಿಸಿ. ಒಡಹುಟ್ಟಿದವರಿದ್ದರೆ ಅವರಿಗೂ ಪರೀಕ್ಷೆ ಮಾಡಿಸಿಕೊಳ್ಳಲು ಹೇಳಿ.