ಹೊಸ ಪೈಪ್ ರೆಂಚ್‌ನ ದವಡೆ ಲಟಲಟ ಅಲ್ಲಾಡುತ್ತಿದೆ, ವಾಪಸ್ ಕೊಡಲೇ?

ವಾಪಸ್ ಕೊಡಬೇಡಿ. ಅದು ಅಲ್ಲಾಡಬೇಕು. ಅಲ್ಲಾಡದಿದ್ದರೆ ಆಗ ಕೊಡಿ.

ನಿಮ್ಮ ಪ್ರಶ್ನೆ ಓದಿ ನಗು ಬಂತು, ಬೇಸರ ಮಾಡಿಕೊಳ್ಳಬೇಡಿ. ಹಳೇ ಮನೆ ಕೊಂಡಿದ್ದೀರಿ, ಬಚ್ಚಲಿನ ಜಿಐ ಪೈಪಿನ (ಸತು ಲೇಪಿಸಿದ ಕಬ್ಬಿಣದ ಪೈಪು) ಎಲ್ಬೋ, ಅಂದರೆ ಪೈಪು ತಿರುಗುವಲ್ಲಿನ ಬಾಗಿದ ಜೋಡಣೆ, ಸೋರುತ್ತಿದೆ, ಮನೆಯಲ್ಲಿದ್ದ 10 ಇಂಚಿನ ಅಡ್ಜಸ್ಟಬಲ್ ಸ್ಪ್ಯಾನರ್ ಪೈಪಿನ ಮೇಲೆ ಜಾರುತ್ತೆ ಅಂತ 14 ಇಂಚಿನ ಪೈಪ್ ರೆಂಚ್ ತಂದಿದ್ದೀರಿ. ಡಬ್ಬದಿಂದ ತೆಗೆದರೆ ಮೇಲಿನ ದವಡೆ ಸಡಿಲ. ಜೊತೆಗೆ, ಪೈಪ್ ರೆಂಚ್ ಬಂದ ಮೇಲೆ ಹಳೇ ಸ್ಪ್ಯಾನರ್ ಯಾಕೆ ಬೇಕು, ನಟ್ಟನ್ನೂ ಇದರಲ್ಲೇ ಬಿಚ್ಚಬಹುದಲ್ಲ ಅಂತಲೂ ಕೇಳಿದ್ದೀರಿ. ನಗು ಬಂದದ್ದು ಯಾಕೆ ಅಂದರೆ, ತಿಪಟೂರಿನಲ್ಲಿ ಪಂಪು ಮೋಟಾರಿನ ಅಂಗಡಿ ಇಟ್ಟುಕೊಂಡು ಹದಿನೆಂಟು ವರ್ಷ ಆಯಿತು, ಇದೇ ದೂರು ಹಿಡಿದು ಗಿರಾಕಿಗಳು ಬರುತ್ತಲೇ ಇರುತ್ತಾರೆ. ಒಬ್ಬರಂತೂ ಸಡಿಲ ಹೋಗಲಿ ಅಂತ ದವಡೆ ಹಿಂದೆ ತಗಡಿನ ಚೂರು ತುರುಕಿ ಬಿಗಿ ಮಾಡಿಕೊಂಡು, ಆಮೇಲೆ 'ರೆಂಚ್ ಹಿಡಿತಾನೇ ಇಲ್ಲ' ಅಂತ ತಂದಿದ್ದರು.

ಹೆಸರಿನ ಗೊಂದಲ ಮೊದಲು ಮುಗಿಸಿಬಿಡೋಣ. ನೀವು ಅಡ್ಜಸ್ಟಬಲ್ ಅನ್ನುವುದನ್ನು ನಮ್ಮ ಕಡೆ ಸ್ಕ್ರೂ ಸ್ಪ್ಯಾನರ್ ಅಂತಾರೆ. ಉತ್ತರ ಕರ್ನಾಟಕದಲ್ಲಿ ಎಲ್ಲಾ ಸ್ಪ್ಯಾನರಿಗೂ ಪಾನಾ ಅನ್ನೋ ಮಾತಿದೆ. ಸ್ಕ್ರೂ ಸ್ಪ್ಯಾನರ್, ಪೈಪ್ ರೆಂಚ್ ಎರಡಕ್ಕೂ ಸ್ಕ್ರೂ ಇದೆ, ಎರಡರ ಬಾಯನ್ನೂ ಹಿಗ್ಗಿಸಿ ಕುಗ್ಗಿಸಬಹುದು, ಅದಕ್ಕೇ ಒಂದೇ ಜಾತಿ ಅನ್ನಿಸುತ್ತೆ. ಕೈಯಲ್ಲಿ ಹಿಡಿದು ನೋಡಿ. ಸ್ಕ್ರೂ ಸ್ಪ್ಯಾನರಿನ ಬಾಯಿ ಹಿಡಿಕೆಯ ತುದಿಯಲ್ಲಿ ಮುಂದಕ್ಕೆ ತೆರೆದಿದೆ, 15ರಿಂದ 22.5 ಡಿಗ್ರಿಯಷ್ಟು ಓರೆಯಾಗಿ. ಪೈಪ್ ರೆಂಚ್‌ನ ಬಾಯಿ ಹಿಡಿಕೆಗೆ ಅಡ್ಡಡ್ಡವಾಗಿ, ಪಕ್ಕಕ್ಕೆ ತೆರೆದಿದೆ. ಮೊದಲನೆಯದರ ದವಡೆ ಕನ್ನಡಿ ಹಾಗೆ ನುಣುಪು, ಎರಡನೆಯದಕ್ಕೆ ಗರಗಸದ ಹಲ್ಲು. ಆ ಹಲ್ಲುಗಳನ್ನು ಬೆರಳಿಂದ ಸವರಿ ನೋಡಿ: ಮೇಲಿನ ಸಾಲು ಒಂದು ಕಡೆಗೆ ವಾಲಿದ್ದರೆ ಕೆಳಗಿನದು ಅದಕ್ಕೆ ವಿರುದ್ಧ.

ಈಗ ಸಡಿಲದ ವಿಚಾರ. ನಟ್ಟಿಗೆ ಆರು ಮೂಲೆ ಇದೆ. ಎದುರುಬದುರಿನ ಎರಡು ಚಪ್ಪಟೆ ಮುಖಗಳಿಗೆ ಸ್ಪ್ಯಾನರಿನ ಎರಡು ಚಪ್ಪಟೆ ದವಡೆ ಅಂಟಿಕೊಂಡು ಕೂತರೆ, ತಿರುಗಿಸಿದಾಗ ನಟ್ಟಿನ ಮೂಲೆ ದವಡೆಗೆ ಅಡ್ಡ ಬರುತ್ತೆ, ಹಾಗಾಗಿ ಅದೂ ಜೊತೆಗೆ ತಿರುಗಲೇಬೇಕು. ಇಲ್ಲಿ ಕಚ್ಚುವ ಮಾತೇ ಇಲ್ಲ, ಆಕಾರವೇ ಕೆಲಸ ಮಾಡುತ್ತೆ. ದವಡೆ ಕೂದಲೆಳೆಯಷ್ಟು ಸಡಿಲ ಇದ್ದರೂ ಮೂಲೆ ಸವೆದು ನಟ್ಟು ಗುಂಡಗಾಗುತ್ತೆ. ಅದಕ್ಕೇ ಸ್ಕ್ರೂ ಸ್ಪ್ಯಾನರ್ ಹಾಕಿದ ಮೇಲೆ ಹಿಡಿಕೆಯನ್ನು ಸ್ವಲ್ಪ ಅಲ್ಲಾಡಿಸುತ್ತಾ ಹೆಬ್ಬೆರಳಲ್ಲಿ ಗಿರಕಿಯನ್ನು (ದವಡೆ ಸರಿಸುವ ಸ್ಕ್ರೂ) ಇನ್ನೊಂದು ಸುತ್ತು ಬಿಗಿ ಮಾಡಿ ಅಂತ ಹುಡುಗರಿಗೆ ಹೇಳಿ ಹೇಳಿ ನನಗೆ ಸಾಕಾಗಿದೆ.

ಅದೇ ಸ್ಪ್ಯಾನರನ್ನು ಗುಂಡಗಿರುವ ಪೈಪಿಗೆ ಹಾಕಿ. ಚಪ್ಪಟೆ ದವಡೆ ಪೈಪನ್ನು ಮುಟ್ಟುವುದು ಎದುರುಬದುರಾಗಿ ಎರಡೇ ಗೆರೆಯಲ್ಲಿ. ಅಡ್ಡ ಬರಲು ಮೂಲೆ ಇಲ್ಲ. ಎಷ್ಟು ಜಗ್ಗಿದರೂ ಹಿಡಿತ ಮೊದಲು ಎಷ್ಟಿತ್ತೋ ಅಷ್ಟೇ, ಯಾಕಂದರೆ ಆ ಹಿಡಿತ ಹೆಬ್ಬೆರಳಿನ ಸ್ಕ್ರೂ ಕೊಟ್ಟದ್ದು, ನಿಮ್ಮ ತೋಳು ಕೊಟ್ಟದ್ದಲ್ಲ. ನಿಮ್ಮ ಬೆರಳ ಗೆಣ್ಣು ಗೋಡೆಗೆ ತರಚಿತು ಅಂತ ಬರೆದಿದ್ದೀರಲ್ಲ, ಕಾರಣ ಇದೇ.

ಪೈಪ್ ರೆಂಚ್‌ನಲ್ಲಿ ಕೆಳಗಿನ ದವಡೆ ಹಿಡಿಕೆಗೇ ಕೂತಿದೆ. ಮೇಲಿನದು ಕೊಕ್ಕೆ ಥರದ್ದು, ಅದರ ಉದ್ದನೆ ಕಾಲು ಒಂದು ಗೂಡಿನೊಳಗೆ ಸಡಿಲವಾಗಿ ನಿಂತಿದೆ, ಹಿಂದೆ ಸ್ಪ್ರಿಂಗು. ಹಿಡಿಕೆಯನ್ನು ಎಳೆದಾಗ ಕೊಕ್ಕೆ ಆ ಸಡಿಲದಲ್ಲಿ ಓರೆಯಾಗಿ ವಾಲುತ್ತೆ. ವಾಲಿದಂತೆ ಎರಡು ದವಡೆಗಳ ನಡುವಿನ ಜಾಗ ಕಿರಿದಾಗುತ್ತೆ, ಹಲ್ಲು ಪೈಪಿಗೆ ಇಳಿಯುತ್ತೆ. ಇನ್ನೂ ಜೋರಾಗಿ ಎಳೆದರೆ ಇನ್ನೂ ಗಟ್ಟಿಯಾಗಿ ಕಚ್ಚುತ್ತೆ. ಎಳೆಯುವ ಬಲವೇ ಹಿಡಿಯುವ ಬಲ ಆಗುವ ಈ ಉಪಾಯಕ್ಕೆ ದವಡೆ ವಾಲಲು ಜಾಗ ಬೇಕು. ನಿಮಗೆ ಲಟಲಟ ಅಂತ ಕೇಳಿಸುತ್ತಿರುವುದು ಆ ಜಾಗ. ತಗಡು ತುರುಕಿದವರು ಮುಚ್ಚಿದ್ದೂ ಅದನ್ನೇ.

ಲೆಕ್ಕ ಹಾಕಿ ನೋಡಿ, ಮಜಾ ಇದೆ. ಅರ್ಧ ಇಂಚಿನ ಜಿಐ ಪೈಪು ಅಂತೀವಲ್ಲ, ಅದರ ಹೊರಗಿನ ವ್ಯಾಸ ನಿಜಕ್ಕೂ ಸುಮಾರು 21 ಮಿ.ಮೀ. ಅಂದರೆ ನಡುವಿನಿಂದ ಅಂಚಿಗೆ ಹತ್ತೂವರೆ ಮಿ.ಮೀ. ಪೈಪಿನ ನಡುವಿನಿಂದ 30 ಸೆಂ.ಮೀ. ದೂರದಲ್ಲಿ ಹಿಡಿಕೆಯನ್ನು 20 ಕೆ.ಜಿ. ಬಲದಲ್ಲಿ ಎಳೆದರೆ ಪೈಪಿನ ಮೈಮೇಲೆ ಬೀಳುವ ತಿರುಚು ಬಲ ಐದು ಕ್ವಿಂಟಾಲಿಗೂ ಮೇಲೆ. ನಮ್ಮ ತಿಪಟೂರಿನ ಕೊಬ್ಬರಿ ಮಾರುಕಟ್ಟೆಯವರಿಗೆ ಕ್ವಿಂಟಾಲ್ ಅಂದರೆ ಏನು ಅಂತ ಹೇಳಬೇಕಿಲ್ಲ. ಅಷ್ಟು ಬಲವನ್ನು ಜಾರದೆ ಹಿಡಿಯಲು ಹಲ್ಲಿಲ್ಲದೆ ಆಗುವುದಿಲ್ಲ.

ನಿಮ್ಮ ಡಬ್ಬದ ಮೇಲೆ ಸ್ಟಿಲ್‌ಸನ್ ಟೈಪ್ ಅಂತ ಇದ್ದರೂ ಇರಬಹುದು. ಡೇನಿಯಲ್ ಸ್ಟಿಲ್‌ಸನ್ ಅಮೆರಿಕದ ಮ್ಯಾಸಚೂಸೆಟ್ಸ್‌ನಲ್ಲಿ ವಾಲ್ವರ್ತ್ ಅನ್ನೋ ಕಂಪನಿಯ ಮೆಕ್ಯಾನಿಕ್. ಅವನ ರೆಂಚಿಗೆ ಪೇಟೆಂಟ್ ಸಿಕ್ಕಿದ್ದು 1869ರಲ್ಲಿ. 'ಮಾಡಿ ತಾ, ಒಂದೋ ಪೈಪು ತಿರುಚಿಕೊಳ್ಳಬೇಕು, ಇಲ್ಲ ರೆಂಚ್ ಮುರೀಬೇಕು' ಅಂತ ಯಜಮಾನ ಸವಾಲು ಹಾಕಿದನಂತೆ, ತಿರುಚಿಕೊಂಡಿದ್ದು ಪೈಪು. ನನಗೆ ಅದಕ್ಕಿಂತ ಇಷ್ಟವಾದ ಕಥೆ ಸ್ವೀಡನ್ನಿನದು. ಎನ್‌ಶೋಪಿಂಗ್ ಊರಿನ ಯೋಹಾನ್ ಪೆಟ್ಟರ್ ಯೋಹಾನ್‌ಸನ್ 1888ರಲ್ಲಿ ಬೇರೊಂದು ನಮೂನೆಯ ಪೈಪ್ ರೆಂಚಿಗೆ ಪೇಟೆಂಟ್ ಪಡೆದ. ನಾಲ್ಕು ವರ್ಷ ಬಿಟ್ಟು, 1892ರಲ್ಲಿ, ನಾವು ಇವತ್ತು ಬಳಸುವ ರೂಪದ ಸ್ಕ್ರೂ ಸ್ಪ್ಯಾನರಿಗೂ ಪಡೆದ. ಕೈಯಲ್ಲಿ ಪೈಪ್ ರೆಂಚ್ ಇಟ್ಟುಕೊಂಡೇ ಆ ಮನುಷ್ಯ ನಟ್ಟಿಗೆ ಅಂತ ಇನ್ನೊಂದನ್ನು ಮಾಡಿದ. ಒಂದರಲ್ಲೇ ಎರಡೂ ಆಗುತ್ತಲ್ಲ ಅನ್ನೋ ನಿಮ್ಮ ಪ್ರಶ್ನೆಗೆ ನಾನು ಕೊಡುವ ಉತ್ತರಕ್ಕಿಂತ ಇದು ವಾಸಿ.

ಆದರೂ ನನ್ನದೊಂದು ಅನುಭವ ಹೇಳುತ್ತೀನಿ. ಕೆಲಸ ಕಲಿಯುವ ಕಾಲದಲ್ಲಿ ಒಬ್ಬ ಅಮ್ಮನವರ ಅಡುಗೆಮನೆಗೆ ಹೊಸ ಕ್ರೋಮ್ ನಲ್ಲಿ ಹಾಕಲು ಹೋಗಿದ್ದೆ. ಚೀಲದಲ್ಲಿ ಇದ್ದದ್ದು ಪೈಪ್ ರೆಂಚ್ ಒಂದೇ. ನಲ್ಲಿಯ ಬುಡದಲ್ಲಿ ಆರು ಮೂಲೆಯ ನಟ್ಟು, ಪಳಪಳ ಹೊಳೆಯುತ್ತಿತ್ತು. ಇದರಲ್ಲೇ ಬಿಗಿದುಬಿಡೋಣ ಅಂತ ಎರಡು ಸಲ ಎಳೆದೆ. ನಟ್ಟು ಬಿಗಿಯಾಯಿತು. ರೆಂಚ್ ತೆಗೆದರೆ ಎರಡು ಮುಖದ ಮೇಲೂ ಹಲ್ಲಿನ ಸಾಲು, ಒಂದು ಮೂಲೆಯ ಹೊಳಪು ಎದ್ದು ಒಳಗಿನ ಹಿತ್ತಾಳೆ ಕಾಣುತ್ತಿದೆ. ಆ ಅಮ್ಮ ಬಗ್ಗಿ ನೋಡಿ, 'ಏನಪ್ಪಾ, ಹೊಸಾ ನಲ್ಲೀನ ಹೆಗ್ಗಣ ಕಡಿದ ಹಂಗೆ ಮಾಡಿದೀಯ' ಅಂದರು. ಬೈಯಲಿಲ್ಲ, ಕಾಫಿನೂ ಕೊಟ್ಟರು. ನಲ್ಲಿಯ ದುಡ್ಡು ನನ್ನ ಕೂಲಿಯಲ್ಲಿ ಹೋಯಿತು.

ಹಲ್ಲಿನ ಗುರುತು ಅಂದಕ್ಕಷ್ಟೇ ಕೇಡು ಅಂದುಕೊಳ್ಳಬೇಡಿ. ಜಿಐ ಪೈಪಿನ ಮೇಲೆ ಸತುವಿನ ಲೇಪ ಇರುತ್ತೆ, ಹಲ್ಲು ಅದನ್ನು ಕೆರೆದ ಕಡೆ ಮೊದಲು ತುಕ್ಕು ಹಿಡಿಯುತ್ತೆ. ಕೆಲಸ ಮುಗಿದ ಮೇಲೆ ಆ ಗಾಯಕ್ಕೆ ಒಂದಿಷ್ಟು ಪೇಂಟ್ ಹಚ್ಚಿ. ಪಿವಿಸಿ, ಸಿಪಿವಿಸಿ ಅನ್ನೋ ಪ್ಲಾಸ್ಟಿಕ್ ಪೈಪಿಗಂತೂ ಪೈಪ್ ರೆಂಚ್ ತೋರಿಸಲೇಬೇಡಿ. ಪೈಪ್ ರೆಂಚನ್ನು ನಟ್ಟಿಗೆ ಹಾಕಲು ಒಪ್ಪುವುದು ಒಂದೇ ಸಂದರ್ಭದಲ್ಲಿ: ಮೂಲೆಗಳೆಲ್ಲ ಸವೆದು ಗುಂಡಗಾಗಿರುವ, ಹೇಗೂ ಎಸೆಯಲಿರುವ ನಟ್ಟು.

ಎಳೆಯುವ ದಿಕ್ಕು ಎರಡರಲ್ಲೂ ಮುಖ್ಯ. ಪೈಪ್ ರೆಂಚ್‌ನ ಬಾಯಿ ಯಾವ ಕಡೆ ತೆರೆದಿದೆಯೋ ಹಿಡಿಕೆಯನ್ನು ಆ ಕಡೆಗೆ ಎಳೆಯಬೇಕು. ತಿರುಗುಮುರುಗಾಗಿ ಎಳೆದರೆ ದವಡೆ ಬಿಟ್ಟುಕೊಳ್ಳುತ್ತೆ, ನೀವು ಹಿಂದಕ್ಕೆ ಬೀಳುತ್ತೀರಿ. ಈ ಗುಣದಿಂದ ಒಂದು ಲಾಭವೂ ಇದೆ: ಕಾಲು ಸುತ್ತು ಎಳೆದು, ಬಾಯಿ ತೆಗೆಯದೆ ಹಿಂದಕ್ಕೆ ಜಾರಿಸಿ, ಮತ್ತೆ ಎಳೆಯಬಹುದು. ಪೈಪು ದವಡೆಯ ನಟ್ಟನಡುವೆ ಇರಲಿ. ಕೊಕ್ಕೆಯ ಬೆನ್ನಿಗೂ ಪೈಪಿಗೂ ಮಧ್ಯೆ ಒಂದು ಬೆರಳು ಹಿಡಿಸುವಷ್ಟು, ಸುಮಾರು 12 ಮಿ.ಮೀ., ಜಾಗ ಬಿಡಿ. ಪೂರ್ತಿ ಒಳಗೆ ತಳ್ಳಿದರೆ ಕೊಕ್ಕೆಗೆ ವಾಲಲು ಜಾಗ ಇರುವುದಿಲ್ಲ, ತಗಡು ತುರುಕಿದ ಕಥೆಯೇ ಆಗುತ್ತೆ. ಸ್ಕ್ರೂ ಸ್ಪ್ಯಾನರಿನಲ್ಲಿ ಓಡಾಡುವ ದವಡೆ ಯಾವ ಕಡೆ ಇದೆಯೋ ಆ ಕಡೆಗೆ ಎಳೆಯಿರಿ, ಆಗ ಹೆಚ್ಚಿನ ಭಾರ ಗಟ್ಟಿ ದವಡೆ ಮೇಲೆ ಬೀಳುತ್ತೆ. ಉಲ್ಟಾ ಎಳೆದು ಎಳೆದೇ ಒಳಗಿನ ಹುಳುವಿನಂಥ ಸ್ಕ್ರೂ ಸವೆದ ಸ್ಪ್ಯಾನರುಗಳು ನನ್ನ ಗುಜರಿ ಡಬ್ಬದಲ್ಲಿ ರಾಶಿ ಇವೆ.

ಪೈಪ್ ರೆಂಚ್ ಅಂದರೆ ಏನು ಅಂತ ಪೂರ್ತಿ ಗೊತ್ತಾಗಬೇಕಾದರೆ ಬೋರ್‌ವೆಲ್‌ನಿಂದ ಮೋಟಾರು ಎತ್ತುವುದನ್ನು ನೋಡಬೇಕು. ಮೋಟಾರನ್ನು ತೂಗಿಬಿಟ್ಟಿರುವ ಜಿಐ ಕಾಲಂ ಪೈಪುಗಳು, ಒಂದೊಂದು 20 ಅಡಿ, ಸಾಕೆಟ್ ಹಾಕಿ ಜೋಡಿಸಿರುತ್ತಾರೆ. ಮುಕ್ಕಾಲಿ ನಿಲ್ಲಿಸಿ ಚೈನ್ ಬ್ಲಾಕಿನಲ್ಲಿ (ಭಾರ ಎತ್ತುವ ಸರಪಳಿ ರಾಟೆ) ಒಂದು ಪೈಪಿನಷ್ಟು ಎತ್ತಿ, ಕೆಳಗಿನದಕ್ಕೆ ಕ್ಲಾಂಪ್ ಕಟ್ಟಿ, ಆಮೇಲೆ ಬಿಚ್ಚಬೇಕು. ಆಗ 36 ಇಂಚಿನ ಎರಡು ರೆಂಚ್ ಬೇಕು. ಒಬ್ಬ ಕೆಳಗಿನ ಪೈಪನ್ನು ಕಚ್ಚಿಸಿ ಅಲುಗಾಡದೆ ನಿಲ್ಲಬೇಕು, ಇನ್ನೊಬ್ಬ ಮೇಲಿನದನ್ನು ತಿರುಗಿಸಬೇಕು, ಎರಡರ ಬಾಯಿ ಒಂದಕ್ಕೊಂದು ವಿರುದ್ಧ ದಿಕ್ಕಿಗೆ. ಕೆಳಗಿನವನು ಸಡಿಲ ಬಿಟ್ಟರೆ ಮೇಲಿನ ಜಾಯಿಂಟ್ ಬಿಚ್ಚುವ ಬದಲು ಒಳಗಿನ, ಕಣ್ಣಿಗೆ ಕಾಣದ ಯಾವುದೋ ಜಾಯಿಂಟ್ ಬಿಚ್ಚಿಕೊಳ್ಳಬಹುದು. ಆಮೇಲೆ ಮೋಟಾರು ಪಾತಾಳಕ್ಕೆ. ನಮ್ಮ ಕಡೆಯ ಒಂದು ತೋಟದಲ್ಲಿ ಹಾಗೆ ಆದದ್ದನ್ನು ಕಣ್ಣಾರೆ ಕಂಡಿದ್ದೀನಿ. ಪೈಪು ಇದ್ದಕ್ಕಿದ್ದಂತೆ ಹಗುರವಾಗಿ ತಿರುಗಿತು, ಎಲ್ಲರೂ ಒಂದು ಕ್ಷಣ ಸುಮ್ಮನಾದರು, ಆಮೇಲೆ ಕೆಳಗಿನಿಂದ ಸದ್ದು ಬಂತು. ತೋಟದ ಯಜಮಾನರು ಏನೂ ಮಾತಾಡದೆ ಟವೆಲ್ ಹೆಗಲಿಗೆ ಹಾಕಿಕೊಂಡು ಮನೆ ಕಡೆ ನಡೆದರು.

ನಿಮ್ಮ ಎಲ್ಬೋಗೂ ಇದೇ ನ್ಯಾಯ, ಸಣ್ಣ ಪ್ರಮಾಣದಲ್ಲಿ. ಎಲ್ಬೋ ಗುಂಡಗಿದೆ, ಪೈಪೂ ಗುಂಡಗಿದೆ, ಹಾಗಾಗಿ ಸ್ಕ್ರೂ ಸ್ಪ್ಯಾನರಿಗೆ ಎರಡರಲ್ಲೂ ಕೆಲಸ ಇಲ್ಲ. ಇನ್ನೊಂದು ಪೈಪ್ ರೆಂಚ್ ಯಾರ ಹತ್ತಿರವಾದರೂ ಇಸಕೊಳ್ಳಿ. ಹಿಂದಿನ ರಾತ್ರಿ ಜಾಯಿಂಟಿಗೆ ಸೀಮೆಎಣ್ಣೆಯನ್ನೋ ತುಕ್ಕು ಬಿಡಿಸುವ ಸ್ಪ್ರೇಯನ್ನೋ ಹಾಕಿ ಬಿಡಿ. ಬೆಳಗ್ಗೆ ಒಂದು ರೆಂಚ್ ಪೈಪಿಗೆ, ಗೋಡೆಯಿಂದ ಹೊರಗೆ ಎಲ್ಬೋಗೆ ಆದಷ್ಟು ಹತ್ತಿರ, ಇನ್ನೊಂದು ಎಲ್ಬೋಗೆ. ಮೊದಲು ಕೂದಲೆಳೆಯಷ್ಟು ಬಿಗಿಯುವ ಕಡೆಗೆ ತಿರುಗಿಸಿ ತುಕ್ಕನ್ನು ಬಿಡಿಸಿ, ಆಮೇಲೆ ಬಿಚ್ಚುವ ಕಡೆಗೆ. ಹಿಡಿಕೆಗೆ ಉದ್ದನೆ ಪೈಪು ತೂರಿಸಿ ಜಗ್ಗಬೇಡಿ. ಹಳೇ ಜಿಐ ಪೈಪು ಥ್ರೆಡ್ ಇರುವಲ್ಲಿ ತೆಳ್ಳಗಿರುತ್ತೆ, ತುಕ್ಕು ತಿಂದಿದ್ದರೆ ಇನ್ನೂ ತೆಳ್ಳಗೆ. ಅದು ಗೋಡೆಯೊಳಗೆ ಮುರಿದರೆ ಟೈಲ್ಸ್ ಒಡೆಯಬೇಕಾಗುತ್ತೆ. ಒಂದು ಮಟ್ಟಿಗೆ ಜಗ್ಗಿಯೂ ಬರದಿದ್ದರೆ ಪ್ಲಂಬರನ್ನು ಕರೆಯಿರಿ, ಅದರಲ್ಲಿ ನಾಚಿಕೆ ಇಲ್ಲ. ಎಲ್ಬೋ ಬದಲಿಸಿದ ಮೇಲೆ ನಲ್ಲಿಯ ಬುಡದ ನಟ್ಟು ಬಿಗಿಯುವಾಗ ನಿಮ್ಮ ಹಳೇ 10 ಇಂಚಿನದು ಕೈಗೆ ಬರಲಿ. ಹೊಳೆಯುವ ನಟ್ಟಿಗೆ ತೆಳ್ಳನೆ ಬಟ್ಟೆ ಸುತ್ತಿ ಹಾಕಿ.

ಡಬ್ಬದಲ್ಲಿರುವ ರೆಂಚ್ ನಿಜಕ್ಕೂ ಕೆಟ್ಟಿದೆಯೇ ಅಂತ ನೋಡಲು ಹೀಗೆ ಮಾಡಿ. ಮೇಲಿನ ಕೊಕ್ಕೆಯನ್ನು ಹೆಬ್ಬೆರಳಿಂದ ಒತ್ತಿ ವಾಲಿಸಿ, ಕೈ ಬಿಡಿ. ಚಕ್ಕನೆ ತನ್ನ ಜಾಗಕ್ಕೆ ವಾಪಸ್ ಬಂದರೆ ಸ್ಪ್ರಿಂಗ್ ಸರಿಯಾಗಿದೆ, ರೆಂಚೂ ಸರಿಯಾಗಿದೆ. ವಾಲಿದಲ್ಲೇ ನಿಂತರೆ, ಅಥವಾ ಗಿರಕಿ ಸುತ್ತಿದರೂ ದವಡೆ ಮೇಲೆ ಕೆಳಗೆ ಸರಿಯದೆ ಸುಮ್ಮನೆ ತಿರುಗಿದರೆ, ಬಿಲ್ಲು ಹಿಡಿದು ಅಂಗಡಿಗೆ ಹೋಗಿ.