ಪೆಲ್ಟಿಯರ್ ಪ್ಲೇಟಿಗೆ ಪಿಡಬ್ಲ್ಯೂಎಂ ಕೊಟ್ಟರೆ ಬ್ಯಾಟರಿ ಹೆಚ್ಚು ಹೊತ್ತು ಬರುತ್ತದೆಯೇ?

ಕರೆಂಟ್ ಕೊಟ್ಟರೆ ಒಂದು ಮುಖ ತಣ್ಣಗಾಗಿ ಇನ್ನೊಂದು ಮುಖ ಬಿಸಿಯಾಗುವ ಪೆಲ್ಟಿಯರ್ ಪ್ಲೇಟನ್ನು (12706 ಮಾಡೆಲ್) 12 ವೋಲ್ಟಿನ 7 ಎಎಚ್ (ಆಂಪಿಯರ್-ಗಂಟೆ) ಬ್ಯಾಟರಿಗೆ ನೇರ ಕೊಟ್ಟಿದ್ದೀರಿ, ಒಂದೂವರೆ ಗಂಟೆಯಲ್ಲಿ ಬ್ಯಾಟರಿ ಇಳಿದುಹೋಗುತ್ತಿದೆ, ಆರ್ಡುಯಿನೊ ಎಂಬ ಪುಟ್ಟ ಪ್ರೋಗ್ರಾಮ್ ಬೋರ್ಡಿನಿಂದ ಪಿಡಬ್ಲ್ಯೂಎಂ (ಕರೆಂಟನ್ನು ಬಹಳ ವೇಗವಾಗಿ ಆನ್-ಆಫ್ ಮಾಡುವುದು) ಕೊಟ್ಟರೆ ಉಳಿಯುತ್ತದೆಯೇ ಅಂತ ಕೇಳಿದ್ದೀರಿ. ಕರೆಂಟ್ ಇಳಿಸಿದರೆ ಖಂಡಿತ ಉಳಿಯುತ್ತದೆ. ಆದರೆ ಪಿಡಬ್ಲ್ಯೂಎಂ ಅನ್ನು ನೇರ ಪ್ಲೇಟಿಗೆ ಕೊಡಬೇಡಿ. ಅದೇ ತಪ್ಪು ಮಾಡಿ ನಾನೊಂದು ಮಳೆಗಾಲ ಕಳೆದುಕೊಂಡೆ.

ನಮ್ಮೂರು ಮೂಡಿಗೆರೆ ಹತ್ತಿರ. ಜುಲೈಯಲ್ಲಿ ಮರ ಬಿದ್ದು ಲೈನ್ ಹರಿದರೆ ಎರಡು ದಿನ ಕರೆಂಟಿಲ್ಲ. ಅಮ್ಮನ ಇನ್ಸುಲಿನ್ 2ರಿಂದ 8 ಡಿಗ್ರಿಯೊಳಗೆ ಇರಬೇಕು. ಅದಕ್ಕೆ ಇದೇ ಪ್ಲೇಟಿನಿಂದ ತಂಪಾಗುವ, ಎರಡಿಂಚು ದಪ್ಪದ ಥರ್ಮಾಕೋಲಿನ ಪುಟ್ಟ ಪೆಟ್ಟಿಗೆ ಮಾಡಿಕೊಂಡಿದ್ದೆ.

ಪ್ಲೇಟಿನ ಒಳಗೆ ನಡೆಯುವುದು ಇಷ್ಟು. ತಂಪು ಕರೆಂಟಿನ ಜೊತೆ ನೇರವಾಗಿ ಏರುತ್ತದೆ. ಪ್ಲೇಟಿನ ಸ್ವಂತ ಬಿಸಿ ಮಾತ್ರ ಕರೆಂಟಿನ ವರ್ಗದಂತೆ (ಕರೆಂಟ್ ಎರಡು ಪಟ್ಟಾದರೆ ಬಿಸಿ ನಾಲ್ಕು ಪಟ್ಟು) ಏರುತ್ತದೆ, ಅದರಲ್ಲಿ ಅರ್ಧ ತಣ್ಣನೆಯ ಮುಖಕ್ಕೇ ಬರುತ್ತದೆ. 12706ರ ರೆಸಿಸ್ಟೆನ್ಸ್ ಸುಮಾರು 2 ಓಮ್. 4 ಆಂಪಿಯರನ್ನು ಅರ್ಧ ಹೊತ್ತು ಕೊಡಿ, ಇಲ್ಲವೇ 2 ಆಂಪಿಯರನ್ನು ಪೂರ್ತಿ ಹೊತ್ತು ಕೊಡಿ, ಪೆಲ್ಟಿಯರ್ ತಂಪು ಒಂದೇ. ಆದರೆ ಮೊದಲನೆಯದರಲ್ಲಿ ಸರಾಸರಿ 16 ವ್ಯಾಟ್ ಬಿಸಿ ಹುಟ್ಟುತ್ತದೆ, ಎರಡನೆಯದರಲ್ಲಿ ಬರೀ 8. ಪಿಡಬ್ಲ್ಯೂಎಂ ಮಾಡುವುದು ಆ ಮೊದಲನೆಯದನ್ನೇ.

ಆದ್ದರಿಂದ ಬ್ಯಾಟರಿ ಮತ್ತು ಪ್ಲೇಟಿನ ಮಧ್ಯೆ ಬಕ್ ಕನ್ವರ್ಟರ್ (ಡಿಸಿ ವೋಲ್ಟೇಜ್ ಇಳಿಸುವ ಬೋರ್ಡ್) ಹಾಕಿ. ಅದರ ಕಾಯಿಲ್ ಮತ್ತು ಕೆಪಾಸಿಟರ್ ಸೇರಿ ಪ್ಲೇಟಿಗೆ ನಯವಾದ ಡಿಸಿ ಕೊಡುತ್ತವೆ. ಅಂಥದ್ದೇ ಒಂದಾದ ಎಲ್‌ಎಂ2596 ಬೋರ್ಡಿಗೆ ಚಿಕ್ಕ ಹೀಟ್ ಸಿಂಕ್ ಅಂಟಿಸಿದರೆ ಸಾಕು. ನನ್ನ ಪೆಟ್ಟಿಗೆ 5 ವೋಲ್ಟ್, 2 ಆಂಪಿಯರಿನಲ್ಲಿ 5 ಡಿಗ್ರಿಗೆ ನಿಲ್ಲುತ್ತದೆ. ಬ್ಯಾಟರಿ ಕಡೆಯಿಂದ, ಫ್ಯಾನೂ ಸೇರಿ, ಸುಮಾರು 1.2 ಆಂಪಿಯರ್. ನಿಮ್ಮ 7 ಎಎಚ್‌ಗೆ ಐದು ಗಂಟೆ ಸಿಗಬಹುದು, ಇಡೀ ರಾತ್ರಿ ಬಾರದು. ನಾನು ಇನ್ವರ್ಟರಿನ 150 ಎಎಚ್ ಬ್ಯಾಟರಿಯಿಂದ ವೈರ್ ಎಳೆದಿದ್ದೇನೆ.

ಥರ್ಮೋಸ್ಟಾಟ್ ಇಟ್ಟು ಆನ್-ಆಫ್ ಮಾಡಿದರೂ ನಷ್ಟವೇ. ಮೊದಲ ಪೆಟ್ಟಿಗೆಯಲ್ಲಿ ಅದು ಕಟ್ ಆದ ಮೇಲೆ ಒಳಗಿನ ಅಲ್ಯೂಮಿನಿಯಂ ಮೇಲೆ ಬೆರಳಿಟ್ಟು ನೋಡುತ್ತಿದ್ದೆ. ನೀರಿನ ಹನಿ ಇನ್ನೂ ಆರಿರುತ್ತಿರಲಿಲ್ಲ, ಅಷ್ಟರಲ್ಲೇ ಲೋಹ ಬೆಚ್ಚಗಾಗುತ್ತಿತ್ತು. ಹೊರಗಿನ ಹೀಟ್ ಸಿಂಕಿನ ಬಿಸಿ ಪ್ಲೇಟಿನ ಮೂಲಕವೇ ವಾಪಸ್ ಇಳಿಯುತ್ತದೆ. ಮುಖಗಳ ನಡುವಿನ ಒಂದೊಂದು ಡಿಗ್ರಿ ವ್ಯತ್ಯಾಸಕ್ಕೂ ಸುಮಾರು ಅರ್ಧ ವ್ಯಾಟ್, ನನ್ನ ಇಡೀ ಥರ್ಮಾಕೋಲ್ ಪೆಟ್ಟಿಗೆ ಸೋರುವುದಕ್ಕಿಂತ ಎರಡು ಪಟ್ಟು! ಹಾಗಾಗಿ ಪ್ಲೇಟನ್ನು ಆಫ್ ಮಾಡದೆ ಕರೆಂಟನ್ನು ನಿಧಾನಕ್ಕೆ ಏರಿಸಿ ಇಳಿಸಬೇಕು. ಹೀಟ್ ಸಿಂಕ್ ದೊಡ್ಡದಿರಲಿ, ಫ್ಯಾನ್ ನಿಲ್ಲದಿರಲಿ.

ಆರ್ಡುಯಿನೊ ಇಲ್ಲಿ ಕೆಲಸಕ್ಕೆ ಬರುತ್ತದೆ. ಅದರ ಪಿಡಬ್ಲ್ಯೂಎಂ ಅನ್ನು ರೆಸಿಸ್ಟರ್, ಕೆಪಾಸಿಟರಿನಲ್ಲಿ ಸೋಸಿ, ಇನ್ನೊಂದು ರೆಸಿಸ್ಟರ್ ಮೂಲಕ ಬಕ್ ಕನ್ವರ್ಟರ್ ತನ್ನ ಔಟ್‌ಪುಟ್ಟನ್ನು ಅಳೆದುಕೊಳ್ಳುವ ಫೀಡ್‌ಬ್ಯಾಕ್ ಪಿನ್ನಿಗೆ ಕೊಡಿ. ಅಲ್ಲಿ ವೋಲ್ಟೇಜ್ ಏರಿದರೆ ಔಟ್‌ಪುಟ್ ಇಳಿಯುತ್ತದೆ, ಕೋಡನ್ನು ಉಲ್ಟಾ ಬರೆಯಬೇಕು.

ಇದರಲ್ಲೊಂದು ಅಪಾಯ ಇದೆ. ಆರ್ಡುಯಿನೊ ನಿಂತುಹೋದರೆ ಪ್ಲೇಟಿಗೆ ಪೂರ್ತಿ ವೋಲ್ಟೇಜ್ ಹೋಗುತ್ತದೆ, ಒಮ್ಮೆ ಹೆಪ್ಪುಗಟ್ಟಿದ ಇನ್ಸುಲಿನ್ ಮತ್ತೆ ಕರಗಿದರೂ ಉಪಯೋಗಕ್ಕಿಲ್ಲ. ಬಕ್ ಕನ್ವರ್ಟರಿನ ಪ್ರಿಸೆಟ್ಟನ್ನು (ಔಟ್‌ಪುಟ್ ವೋಲ್ಟೇಜ್ ಹೊಂದಿಸುವ ಸ್ಕ್ರೂ) 6 ವೋಲ್ಟ್ ದಾಟದಂತೆ ಮೊದಲೇ ತಿರುಗಿಸಿಡಿ. ಔಷಧದ ಪಕ್ಕದಲ್ಲೇ ಬೇರೆ ಸೆನ್ಸರ್ ಇಟ್ಟು, 3 ಡಿಗ್ರಿಗೆ ಪ್ಲೇಟಿನ ಲೈನ್ ಕತ್ತರಿಸುವ ರಿಲೇ ಹಾಕಿ, ಅದನ್ನು ಆರ್ಡುಯಿನೊಗೆ ಜೋಡಿಸದೆ ಸ್ವತಂತ್ರವಾಗಿ ಬಿಡಿ.